ಓದುಗರ ಪ್ರಶ್ನೆ, ವಕೀಲರ ಉತ್ತರ: ಗುಟ್ಟಿನ ಕಡತಕ್ಕೆ ಸಹಿ ಹಾಕಿದವರು ಯಾರು?

ಕಳೆದ ತಿಂಗಳು ಅಧಿಕೃತ ರಹಸ್ಯ ಕಾಯ್ದೆ, ಅಂದರೆ ದೇಶದ ಗುಟ್ಟು ಹೊರಗೆ ಬಿಟ್ಟವರನ್ನು ಶಿಕ್ಷಿಸುವ ಕಾನೂನಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅದರ ಬಗ್ಗೆಯೇ ಜಾಸ್ತಿ. ಹಾಗಾಗಿ ಜಾಗದ ಪಟ್ಟಯ, ದಾರಿ ತಕರಾರು, ಪಾಲುಪಟ್ಟಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಕಳಿಸಿದವರು ದಯವಿಟ್ಟು ಬೇಸರಿಸಬೇಡಿ.

ಪೆರ್ಲದ ಬಿ.ಎ. ವಿದ್ಯಾರ್ಥಿನಿ: ವಕೀಲರೇ, ನಮಸ್ಕಾರ. ಅಮೆರಿಕದ ಇರಾನ್-ಕಾಂಟ್ರಾ ಹಗರಣದ ಬಗ್ಗೆ ಓದುತ್ತಿದ್ದೇನೆ. ಬಾಯಲ್ಲಿ ಶತ್ರು ಎನ್ನುತ್ತಿದ್ದ ದೇಶಕ್ಕೇ ಗುಟ್ಟಾಗಿ ಕ್ಷಿಪಣಿ ಮಾರಿದರು. ಆ ದುಡ್ಡನ್ನು, ಅವರ ಸಂಸತ್ತೇ ಬೇಡ ಎಂದಿದ್ದ ಯುದ್ಧಕ್ಕೆ ಕೊಟ್ಟರು. ಇಷ್ಟಾದರೂ ಒಬ್ಬರ ಮೇಲೂ ದೇಶದ್ರೋಹದ ಕೇಸು ಬೀಳಲಿಲ್ಲ. ಯಾಕೆ?

ಮಗಳೇ, ಆ ಕೇಸು ಕೋರ್ಟಿನಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಹಾಕಲಿಲ್ಲ. ಅಮೆರಿಕದ ಸಂವಿಧಾನದಲ್ಲಿ ದೇಶದ್ರೋಹ ಎಂದರೆ ಎರಡೇ. ಒಂದು, ದೇಶದ ಮೇಲೆ ಯುದ್ಧ ಹೂಡುವುದು. ಇನ್ನೊಂದು, ಶತ್ರುವಿನ ಕಡೆ ಸೇರಿ ನೆರವಾಗುವುದು. ಅದನ್ನೂ ಸುಮ್ನೆ ಹೇಳಿದರೆ ಆಗದು. ಒಂದೇ ಕೃತ್ಯವನ್ನು ಕಂಡ ಇಬ್ಬರು ಸಾಕ್ಷಿಗಳು ಬೇಕು, ಇಲ್ಲವೇ ಆರೋಪಿ ತೆರೆದ ಕೋರ್ಟಿನಲ್ಲಿ ತಾನಾಗಿ ಒಪ್ಪಿಕೊಳ್ಳಬೇಕು. ಇಂಗ್ಲೆಂಡಿನ ರಾಜರು ತಮಗಾಗದವರನ್ನೆಲ್ಲ ಇದೇ ಆರೋಪದಲ್ಲಿ ಗಲ್ಲಿಗೇರಿಸಿದ್ದನ್ನು ಸಂವಿಧಾನ ಬರೆದವರು ಬಲ್ಲವರಾಗಿದ್ದರು. ಬೇಕೆಂದೇ ಬಾಗಿಲನ್ನು ಇಷ್ಟು ಕಿರಿದು ಮಾಡಿದರು. 1985-86ರಲ್ಲಿ ಇರಾನ್ ಮತ್ತು ಅಮೆರಿಕದ ನಡುವೆ ಯುದ್ಧ ಇರಲಿಲ್ಲ. ಕಾನೂನಿನ ಕಣ್ಣಿಗೆ ಇರಾನ್ ಶತ್ರುವೇ ಅಲ್ಲ.

ಹಾಗೆಂದು ಅಪರಾಧ ಆಗಲಿಲ್ಲ ಎಂದಲ್ಲ. ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಗುಪ್ತಚರ ಸಂಸ್ಥೆಗಳು ಸೇನಾ ನೆರವು ಕೊಡಬಾರದು ಎಂದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕಾನೂನು ಮಾಡಿತ್ತು. ಅದನ್ನು ದಾಟಲು ಶ್ವೇತಭವನದೊಳಗೇ ಬೇರೆ ದಾರಿ ಮಾಡಿಕೊಂಡರು. 1986ರ ಅಕ್ಟೋಬರ್‌ನಲ್ಲಿ ಆಯುಧ ಸಾಗಿಸುತ್ತಿದ್ದ ವಿಮಾನವೊಂದು ನಿಕರಾಗುವಾದಲ್ಲಿ ಉರುಳಿತು. ಬದುಕಿ ಉಳಿದ ಒಬ್ಬ ಅಮೆರಿಕನ್ ಸೆರೆಸಿಕ್ಕ. ನವೆಂಬರ್ ಮೊದಲ ವಾರ ಲೆಬನಾನಿನ ಪತ್ರಿಕೆಯೊಂದು ಇರಾನಿನ ವ್ಯವಹಾರವನ್ನು ಹೊರಗೆಳೆಯಿತು. ಅಟಾರ್ನಿ ಜನರಲ್ ಎಡ್ವಿನ್ ಮೀಸ್ ಎರಡಕ್ಕೂ ನಂಟಿದೆ ಎಂದು ಒಪ್ಪಿಕೊಂಡದ್ದು ನವೆಂಬರ್ 25ಕ್ಕೆ.

ಈ ನಡುವಿನ ದಿನಗಳನ್ನು ನೀನು ಗಮನವಿಟ್ಟು ಓದಬೇಕು. ಆಲಿವರ್ ನಾರ್ತ್ ಎಂಬ ಅಧಿಕಾರಿ ಮತ್ತು ಅವರ ಕಾರ್ಯದರ್ಶಿ ಕಾಗದಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿದರು. ರಾಷ್ಟ್ರೀಯ ಭದ್ರತಾ ಸಲಹೆಗಾರ ಜಾನ್ ಪಾಯಿಂಡೆಕ್ಸ್ಟರ್, ಅಧ್ಯಕ್ಷ ರೇಗನ್ ಸಹಿ ಮಾಡಿದ್ದ ಒಂದು ಅನುಮತಿ ಪತ್ರವನ್ನು ಕೈಯಾರೆ ಹರಿದರು. ಆಯುಧ ಹೋಗಿ ಆದ ಮೇಲೆ, ಹಿಂದಿನಿಂದ ಮಾಡಿಸಿಕೊಂಡ ಸಹಿ ಅದು. ಹರಿದದ್ದನ್ನು ಅವರೇ ಮುಂದೆ ವಿಚಾರಣೆಯಲ್ಲಿ ಹೇಳಿದರು. ಹಣ ಕಾಂಟ್ರಾಗಳಿಗೆ ಹೋದ ವಿಷಯವನ್ನು ಅಧ್ಯಕ್ಷರಿಗೆ ತಾನು ಬೇಕೆಂದೇ ತಿಳಿಸಲಿಲ್ಲ, ನಾಳೆ ಅವರು ಗೊತ್ತಿಲ್ಲ ಎನ್ನಲು ದಾರಿ ಇರಲಿ ಎಂದು, ಅಂತಲೂ ಹೇಳಿದರು. ನಾರ್ತ್, ಪಾಯಿಂಡೆಕ್ಸ್ಟರ್ ಇಬ್ಬರೂ ಕಂಪ್ಯೂಟರಿನಲ್ಲಿ ಅಳಿಸಿದ್ದ ಸಾವಿರಾರು ಸಂದೇಶಗಳು ಮಾತ್ರ ಬ್ಯಾಕಪ್ ಟೇಪಿನಲ್ಲಿ ಉಳಿದಿದ್ದವು. ತನಿಖೆಗೆ ಬೆನ್ನೆಲುಬಾದದ್ದು ಅಂಥ ಕಾಗದಗಳೇ.

ವಿಶೇಷ ಅಭಿಯೋಜಕ ಲಾರೆನ್ಸ್ ವಾಲ್ಶ್ 14 ಮಂದಿಯ ಮೇಲೆ ಕೇಸು ಹಾಕಿದರು. 11 ಮಂದಿ ತಪ್ಪಿತಸ್ಥರೆಂದು ಆಯಿತು. ಆರೋಪಗಳು ಯಾವುವು ನೋಡು: ಕಾಂಗ್ರೆಸ್‌ಗೆ ಸುಳ್ಳು ಹೇಳಿದ್ದು, ತನಿಖೆಗೆ ಅಡ್ಡಿ ಮಾಡಿದ್ದು, ದಾಖಲೆ ನಾಶ. ಕೇಳಲು ಸಣ್ಣ ಅಪರಾಧಗಳು. ನನ್ನ ಮಟ್ಟಿಗೆ ಪ್ರಜಾಪ್ರಭುತ್ವದಲ್ಲಿ ಇವೇ ದೊಡ್ಡ ಅಪರಾಧಗಳು. ನಾರ್ತ್ ಮತ್ತು ಪಾಯಿಂಡೆಕ್ಸ್ಟರ್ ಇಬ್ಬರ ಶಿಕ್ಷೆಯೂ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಕಾಂಗ್ರೆಸ್ ಅವರನ್ನು ಟಿವಿ ಕ್ಯಾಮೆರಾ ಮುಂದೆ ಕೂರಿಸಿ ಮಾತಾಡಿಸುವ ಆತುರದಲ್ಲಿ, ಹೇಳಿದ್ದನ್ನು ನಿಮ್ಮ ವಿರುದ್ಧ ಬಳಸುವುದಿಲ್ಲ ಎಂದು ರಕ್ಷಣೆ ಕೊಟ್ಟಿತ್ತು. ದೇಶವೇ ಕೇಳಿದ ಆ ಮಾತುಗಳು ಸಾಕ್ಷಿಗಳ ಮನಸ್ಸಿನಿಂದ ಹೋಗಿರಲಿಲ್ಲ. ವಕೀಲನಾಗಿ ನನಗೆ ಇದರಷ್ಟು ಸಂಕಟ ಕೊಡುವ ಭಾಗ ಈ ಕಥೆಯಲ್ಲಿ ಬೇರೆ ಇಲ್ಲ.

ಕಡೆಗೆ 1992ರ ಡಿಸೆಂಬರ್ 24ರಂದು ಅಧ್ಯಕ್ಷ ಜಾರ್ಜ್ ಬುಷ್ ಆರು ಮಂದಿಗೆ ಕ್ಷಮೆ ಕೊಟ್ಟರು. ಮಾಜಿ ರಕ್ಷಣಾ ಮಂತ್ರಿ ವೈನ್‌ಬರ್ಗರ್ ಅವರಲ್ಲಿ ಒಬ್ಬರು. ಅವರ ವಿಚಾರಣೆ ಎರಡು ವಾರದೊಳಗೆ ಶುರುವಾಗುವುದಿತ್ತು. ಹಗರಣ ನಡೆದಾಗ ಬುಷ್ ಉಪಾಧ್ಯಕ್ಷರು. ತಾನೂ ಕೂತಿದ್ದ ಸರ್ಕಾರದ ತಪ್ಪಿಗೆ ತಾನೇ ಕ್ಷಮೆ ಕೊಡುವುದು ಯಾವ ನ್ಯಾಯ, ಹೇಳು?

ಹೊಸಂಗಡಿಯ ನಿವೃತ್ತ ಅಧ್ಯಾಪಕರು: ನೀವು ತುಂಬ ಮೆತ್ತಗೆ ಬರೆಯುತ್ತೀರಿ. ದೇಶದ ಗುಟ್ಟು ಮಾರಿದರೆ ಅಧಿಕೃತ ರಹಸ್ಯ ಕಾಯ್ದೆಯಲ್ಲಿರುವ 14 ವರ್ಷ ಜೈಲು ಸಾಕೇ? ಅಂಥವರಿಗೆ ಗಲ್ಲೇ ಆಗಬೇಕು.

ಮಾಷ್ಟ್ರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಮ್ಮದೇ ಕೇರಳ ರಾಜ್ಯದಲ್ಲಿ 1994ರಲ್ಲಿ ಏನಾಯಿತು ಎಂದು ನೆನಪು ಮಾಡಿಕೊಳ್ಳಿ. ಆ ನವೆಂಬರ್ ತಿಂಗಳಿಡೀ ನಮ್ಮ ಕೋರ್ಟಿನ ವಕೀಲರ ಕೋಣೆಯಲ್ಲಿ ಮಲಯಾಳ ಪತ್ರಿಕೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮಾಲ್ಡೀವ್ಸ್‌ನ ಇಬ್ಬರು ಹೆಂಗಸರು, ಇಸ್ರೋ ವಿಜ್ಞಾನಿಗಳು, ರಾಕೆಟ್ ನಕ್ಷೆ ಪಾಕಿಸ್ತಾನಕ್ಕೆ. ದಿನಕ್ಕೊಂದು ಕಥೆ. ನವೆಂಬರ್ 30ಕ್ಕೆ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು ಹಿಡಿದರು. 50 ದಿನ ಅವರು ಒಳಗಿದ್ದರು.

ಅವರು ಮಾರಿದ್ದಾದರೂ ಏನನ್ನು? ಕ್ರಯೋಜೆನಿಕ್ ಎಂಜಿನ್, ಅಂದರೆ ಅತಿ ತಣ್ಣಗಿನ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್ನಿನ ತಂತ್ರಜ್ಞಾನ ಎಂದರು. ಆಗ ಅದು ನಮ್ಮ ಹತ್ತಿರ ಇರಲೇ ಇಲ್ಲ! ಕೊಡುತ್ತೇನೆ ಎಂದಿದ್ದ ರಷ್ಯಾ ಅಮೆರಿಕದ ಒತ್ತಡಕ್ಕೆ 1993ರಲ್ಲಿ ಹಿಂದೆ ಸರಿದಿತ್ತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಇದನ್ನು ಯಾರಾದರೊಬ್ಬ ಹಿರಿಯ ಅಧಿಕಾರಿ ಇಸ್ರೋಗೆ ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು.

1996ರಲ್ಲಿ ಸಿಬಿಐ ಇಡೀ ಕೇಸು ಸುಳ್ಳು ಎಂದು ವರದಿ ಕೊಟ್ಟಿತು. ರಾಜ್ಯ ಸರ್ಕಾರ ಮತ್ತೆ ತನಿಖೆ ಮಾಡಲು ಹೊರಟಾಗ 1998ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 2018ರ ಸೆಪ್ಟೆಂಬರ್ 14ಕ್ಕೆ ಅದೇ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಅಧಿಕಾರಿಗಳ ಪಾತ್ರ ನೋಡಲು ನ್ಯಾಯಮೂರ್ತಿ ಡಿ.ಕೆ. ಜೈನ್ ಸಮಿತಿಯನ್ನು ನೇಮಿಸಿತು. ಅದೇ ಕೇಸಿನ ಇನ್ನೊಬ್ಬ ಆರೋಪಿ ಚಂದ್ರಶೇಖರ್ ಆ ತೀರ್ಪು ಬಂದು ಎರಡು ದಿನಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡರು. ಕೇಸು ಕಟ್ಟಿದವರೆಂದು ಐದು ಮಂದಿ ಮಾಜಿ ಅಧಿಕಾರಿಗಳ ಮೇಲೆ ಸಿಬಿಐ ದೋಷಾರೋಪ ಪಟ್ಟಿ ಸಲ್ಲಿಸಿದ್ದು 2024ರಲ್ಲಿ. ಬಂಧನವಾಗಿ 30 ವರ್ಷಕ್ಕೆ.

ನೀವು ಕೇಳುವ ಗಲ್ಲಿನ ಕಾನೂನು ಅಂದು ಇದ್ದಿದ್ದರೆ ಯಾರ ಕೊರಳಿಗೆ ಬೀಳುತ್ತಿತ್ತು, ಮಾಷ್ಟ್ರೇ?

ಇನ್ನೊಂದು ಮಾತು. ನಾನು ಜೀವನವಿಡೀ ಜಾಮೀನು ಅರ್ಜಿಗಳನ್ನು ನಡೆಸಿದವನು. ಕನ್ನಡ ಮಾತ್ರ ಓದಲು ಬರುವ ಕೃಷಿಕ, ಮಲಯಾಳದಲ್ಲಿ ಬರೆದ ಮಹಜರಿಗೆ ಸಹಿ ಹಾಕಿ ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಏನು ಬರೆದಿದೆ ಎಂದು ಕೇಳಿದರೆ "ಅವರು ಹಾಕು ಅಂದರು, ಹಾಕಿದೆ" ಎನ್ನುತ್ತಾರೆ. ಅಡಿಕೆ ಕಳವಿನ ಕೇಸಿನಲ್ಲೇ ಹೀಗೆ. ದೇಶದ ಭದ್ರತೆ ಎಂಬ ಹಣೆಪಟ್ಟಿ ಹಚ್ಚಿದ ಕೇಸಿನಲ್ಲಿ ಕಡತವನ್ನೇ ಯಾರೂ ತೋರಿಸುವುದಿಲ್ಲ. ಶಿಕ್ಷೆ ದೊಡ್ಡದಾದಷ್ಟೂ ಪುರಾವೆ ಗಟ್ಟಿ ಇರಬೇಕು. ನಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು.

ಉಪ್ಪಳದ ವ್ಯಾಪಾರಿಯೊಬ್ಬರು: ಅಮೆರಿಕದ ಅಧ್ಯಕ್ಷರ ಹಾಗೆ ನಮ್ಮ ರಾಷ್ಟ್ರಪತಿಗಳೂ ವಿಚಾರಣೆಗೆ ಮೊದಲೇ ಕ್ಷಮೆ ಕೊಡಬಹುದೇ?

ಇಲ್ಲ. ನಮ್ಮ ಸಂವಿಧಾನದ 72ನೇ ವಿಧಿ ಅಪರಾಧಿ ಎಂದು ತೀರ್ಮಾನವಾದವರ ಬಗ್ಗೆ ಮಾತ್ರ ಹೇಳುತ್ತದೆ. ಅದೂ ಮಂತ್ರಿಮಂಡಲದ ಸಲಹೆಯಂತೆ. ಆದರೆ ಇಲ್ಲಿ ಬೇರೆ ದಾರಿಗಳಿವೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ್ದಕ್ಕೆ ಸರ್ಕಾರಿ ಅಧಿಕಾರಿಯ ಮೇಲೆ ಕೇಸು ನಡೆಸಲು ಸರ್ಕಾರದ್ದೇ ಅನುಮತಿ ಬೇಕು. ಕಡತ ಮೇಜಿನ ಮೇಲೆ ವರ್ಷಗಟ್ಟಲೆ ಕೂತಿರುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನಿನಲ್ಲಿ 120 ದಿನ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದಂತೆಯೇ ಲೆಕ್ಕ. ಇದು ಒಳ್ಳೆಯ ಬದಲಾವಣೆ. ಇನ್ನು ಕೇಸು ಹಿಂತೆಗೆಯುವ ದಾರಿ. ಅದಕ್ಕೆ ಕೋರ್ಟಿನ ಒಪ್ಪಿಗೆ ಬೇಕು. 2015ರ ವಿಧಾನಸಭೆ ಗಲಾಟೆಯ ಕೇಸು ಹಿಂತೆಗೆಯಲು ನಮ್ಮ ಕೇರಳ ಸರ್ಕಾರ ಹೋದಾಗ 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಮಂಜೇಶ್ವರದಿಂದ ಒಬ್ಬರು: ಫೋನ್ ಕದ್ದಾಲಿಕೆಗೆ ರಾಮಕೃಷ್ಣ ಹೆಗಡೆಯವರು ಕುರ್ಚಿ ಬಿಟ್ಟರು. ಅದು ಹೊಣೆಗಾರಿಕೆ ಅಲ್ವಾ?

1988ರ ಆಗಸ್ಟ್‌ನಲ್ಲಿ ಬಿಟ್ಟರು, ನಿಜ. ಇಸ್ರೋ ಕೇಸಿನ ಬಿಸಿಗೆ 1995ರಲ್ಲಿ ನಮ್ಮ ಮುಖ್ಯಮಂತ್ರಿ ಕರುಣಾಕರನ್ ಕೂಡ ಕೆಳಗಿಳಿದರು. ರಾಜೀನಾಮೆಗೆ ಬೆಲೆ ಇದೆ. ಆದರೆ ಅದು ಅರ್ಧ ಲೆಕ್ಕ. ಯಾವ ಅಧಿಕಾರಿ ಬರೆದ, ಯಾರು ಒಪ್ಪಿದರು, ಎಷ್ಟು ದಿನ ಕೇಳಿದರು, ಕೇಳಿದ್ದು ಎಲ್ಲಿಗೆ ಹೋಯಿತು? ಅದು ಹೊರಗೆ ಬಾರದಿದ್ದರೆ ಮುಂದೆ ಬಂದವರೂ ಅದನ್ನೇ ಮಾಡುತ್ತಾರೆ.

1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮ ಹಾಕಿತು. ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಒಂದು ಸಮಿತಿ ಅದನ್ನು ಪರಿಶೀಲಿಸಬೇಕು. ಸಮಿತಿಯಲ್ಲಿರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಮುಂದೆ ಬಂದ ನಿಯಮದಲ್ಲಿ, ಬೇಡವಾದ ದಾಖಲೆಯನ್ನು ಆರು ತಿಂಗಳಿಗೊಮ್ಮೆ ನಾಶ ಮಾಡಬೇಕು ಎಂದೂ ಇದೆ. ಜನರ ಖಾಸಗಿ ಮಾತು ಉಳಿಯಬಾರದು, ಅದು ಸರಿ. ಆದರೆ ಆದೇಶದ ಕಾಗದವೂ ಅದರ ಜೊತೆ ಹೋದರೆ ಹತ್ತು ವರ್ಷದ ಮೇಲೆ ಕೇಳುವವರು ಏನನ್ನು ಹಿಡಿದು ಕೇಳಬೇಕು? ಆದೇಶದ ಪ್ರತಿಯನ್ನಾದರೂ ಉಳಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನೂ ದೊಡ್ಡ ಕೊರತೆ ಒಂದಿದೆ. ದೇಶದೊಳಗಿನ ಗುಪ್ತಚರ ಸಂಸ್ಥೆ ಐಬಿ, ಹೊರದೇಶದ ಗುಪ್ತಚರ ಸಂಸ್ಥೆ ರಾ, ಎರಡಕ್ಕೂ ಸಂಸತ್ತು ಮಾಡಿದ ಕಾಯ್ದೆ ಇಲ್ಲ. ಅವುಗಳ ಕೆಲಸ ನೋಡಲು ಸಂಸತ್ತಿನ ಸಮಿತಿಯೂ ಇಲ್ಲ. ಅಮೆರಿಕದಲ್ಲಿ 1970ರ ದಶಕದಿಂದ ಇದೆ, ಬ್ರಿಟನ್ನಿನಲ್ಲಿ 1994ರಿಂದ. 2011ರಲ್ಲಿ ಮನೀಶ್ ತಿವಾರಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದಿದ್ದರು. ಅದು ಕಾನೂನಾಗಲಿಲ್ಲ. ನಮ್ಮ ಸಂಸದರು ಯಾವ ಪಕ್ಷದವರೇ ಇರಲಿ, ಓಟು ಕೇಳಲು ಬಂದಾಗ ಇದನ್ನೂ ಕೇಳಿ.

ಮುಳ್ಳೇರಿಯದ ಓದುಗರು: ಗುಪ್ತಚರ ವಿಭಾಗಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಲೇಬಾರದು ಎಂದು ಆಫೀಸಿನಲ್ಲಿ ಹೇಳಿದರು. ಹೌದಾ ಅಕ್ಕ ಎಂದು ನಿಮ್ಮ ಮನೆಯವರ ಹತ್ತಿರ ಕೇಳಿದೆ. ಪತ್ರ ಬರೆಯಿರಿ ಎಂದರು.

ಪತ್ರ ಬರೆದದ್ದು ಒಳ್ಳೆಯದಾಯಿತು. ಆಫೀಸಿನವರು ಹೇಳಿದ್ದು ಪೂರ್ತಿ ಸರಿಯಲ್ಲ. ಕಾಯ್ದೆಯ 24ನೇ ಕಲಂ ಅಂಥ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಗೆ ಆ ವಿನಾಯಿತಿ ಇಲ್ಲ. ಮಾನವ ಹಕ್ಕಿನ ವಿಷಯವಾದರೆ ಮಾಹಿತಿ ಆಯೋಗದ ಒಪ್ಪಿಗೆ ಬೇಕು, 45 ದಿನದೊಳಗೆ ಕೊಡಬೇಕು. ದೇಶದ ಭದ್ರತೆ ಎಂದು ಬಾಯಿಮಾತಿನಲ್ಲಿ ಹೇಳಿ ಬಾಗಿಲು ಹಾಕುವಂತಿಲ್ಲ ಎಂದು ಮಲಯಾಳದ ಮೀಡಿಯಾವನ್ ಚಾನೆಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ.

ಅರ್ಜಿಯಲ್ಲಿ ಉದ್ದ ಕಥೆ ಬೇಡ. ಯಾವ ದಿನದ, ಯಾವ ಆದೇಶ, ಅದಕ್ಕೆ ಸಹಿ ಮಾಡಿದವರ ಹುದ್ದೆ ಏನು, ಇಷ್ಟನ್ನೇ ಕೇಳಿ. ಎಂಥ ಉಲ್ಲಂಘನೆ ಎಂದು ಒಂದು ಸಾಲಿನಲ್ಲಿ ಬರೆಯಿರಿ. ರಾಜ್ಯದ ಕಚೇರಿಗಾದರೆ ಕನ್ನಡದಲ್ಲೇ ಬರೆಯಬಹುದು. ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಶುಲ್ಕ 10 ರೂಪಾಯಿ. ಇಲ್ಲ ಎಂದರೆ ಬಾಯಲ್ಲಿ ಬೇಡ, ಯಾವ ಕಲಂ ಪ್ರಕಾರ ಎಂದು ಬರೆದು ಕೊಡಲು ಹೇಳಿ. ಆ ಕಾಗದ ಸಿಕ್ಕಿದರೆ ಮೇಲ್ಮನವಿ ನಾನು ಬರೆದುಕೊಡುತ್ತೇನೆ.