ಮಳೆಗೆ ಮುಂಚಿನ ಮಲೆನಾಡು

ಪ್ರಶ್ನೆ: ಮೇ ಕೊನೆಯ ವಾರ ಇಬ್ಬರು ಮಕ್ಕಳನ್ನು ಕರೆದುಕೊಂಡು ಸಿದ್ದಾಪುರದ ಹತ್ತಿರದ ತವರಿಗೆ ಹೊರಟಿದ್ದೇನೆ. ಜೋಗದಲ್ಲಿ ನೀರಿರುವುದಿಲ್ಲ, ಕಾಡು ಒಣಗಿರುತ್ತದೆ, ಮಳೆ ಹಿಡಿದ ಮೇಲೆ ಹೋಗಿ ಎನ್ನುತ್ತಾರೆ ಎಲ್ಲರೂ. ಈಗ ಮಕ್ಕಳಿಗೆ ತೋರಿಸುವಂಥದ್ದು ಏನಿದೆ? ಅಮ್ಮನ ಮನೆಯ ಮಾವಿನ ಮರದಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ ಬಿಡುತ್ತದೆ. ಒಂದು ಬುಡ ಕಿತ್ತು ತಂದರೆ ಇಲ್ಲಿ ಬದುಕೀತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಗಲೇ ಹೊರಡಿ. ನಾನು ಆ ಸೀಮೆಯಲ್ಲೇ ವರ್ಷವಿಡೀ ಓಡಾಡುವವಳು. ಮಕ್ಕಳಿಗೆ ಕಾಡು ತೋರಿಸಲು ಇದಕ್ಕಿಂತ ಒಳ್ಳೆಯ ವಾರ ಇನ್ನೊಂದಿಲ್ಲ. ಜೂನ್‌ನಲ್ಲಿ ಮುಂಗಾರು ಘಟ್ಟ ಹತ್ತಿತೆಂದರೆ ಕೊಡೆಯ ಅಡಿಯಿಂದಲೇ ಎಲ್ಲವನ್ನೂ ನೋಡಬೇಕು, ರಕ್ತ ಹೀರುವ ಉಂಬಳದ (ಜಿಗಣೆ) ಕಾಟ ಬೇರೆ.

ಸೀತಾಳೆ ದಂಡೆಯನ್ನು ಮಾತ್ರ ದಯವಿಟ್ಟು ಕೀಳಬೇಡಿ. ಅದು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ತೊಗಟೆಗೆ ಆತುಕೊಂಡು ಗಾಳಿಯ ತೇವ, ಮರದ ಮೇಲೆ ಇಳಿಯುವ ಮಳೆನೀರು ಇಷ್ಟರಲ್ಲೇ ಬದುಕುತ್ತದೆ. ಮಕ್ಕಳಿಗೆ ಮೊದಲು ಅದರ ಬೇರು ತೋರಿಸಿ. ಒಣಗಿದ್ದಾಗ ಬೂದು ಬಿಳುಪಾಗಿರುತ್ತದೆ. ಒಂದು ಚೊಂಬು ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರಾಗುತ್ತದೆ. ಬೇರಿನ ಹೊರಪದರ ನೀರು ಕುಡಿದಾಗ ಒಳಗಿನ ಹಸಿರು ಹೊರಗೆ ಕಾಣುತ್ತದೆ, ಅಷ್ಟೇ. ಜೋತುಬಿದ್ದ ಒಂದೇ ದಂಡೆಯಲ್ಲಿ ನೂರಕ್ಕೂ ಹೆಚ್ಚು ಹೂ ಇರಬಹುದು; ಬಿಳಿ ಎಸಳು, ಅದರ ಮೇಲೆ ನಸುನೇರಳೆ ಚುಕ್ಕೆ. ಇದರ ಬೀಜ ಹಿಟ್ಟಿನಷ್ಟು ನುಣ್ಣಗಿರುತ್ತದೆ. ಮೊಳಕೆಗೆ ಬೇಕಾದ ಆಹಾರ ಅದರೊಳಗೆ ಇರುವುದಿಲ್ಲವಾದ್ದರಿಂದ ಹೊಂದುವ ಶಿಲೀಂಧ್ರ ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಹಾಗೆ ಹುಟ್ಟಿ, ವರ್ಷಗಟ್ಟಲೆ ಬೆಳೆದು ಹೂವಿಗೆ ಬಂದ ಗಿಡ ದಾವಣಗೆರೆಯ ಬಿಸಿಲಿನಲ್ಲಿ ಸೊರಗುವುದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಇನ್ನು ರಾತ್ರಿ. ಏಳೂವರೆಗೆ ಎಲ್ಲರೂ ಅಂಗಳಕ್ಕೆ ಬನ್ನಿ. ಹೊರಗಿನ ಬಲ್ಬು, ಟಾರ್ಚು, ಮೊಬೈಲು ಎಲ್ಲವನ್ನೂ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕುಳಿತಿರಿ. ಅಡ್ಡಮಳೆ ಒಂದೆರಡು ಬಿದ್ದಿದ್ದರೆ ತೋಟದಂಚಿನಲ್ಲಿ ಮಿಂಚುಹುಳುಗಳು ಏಳುತ್ತವೆ. ಹಾರುತ್ತ ಮಿನುಗುವುದು ಹೆಚ್ಚಾಗಿ ಗಂಡು. ಪೊದೆಯಲ್ಲಿ ಕುಳಿತ ಹೆಣ್ಣು ಬೆಳಕಿನಲ್ಲೇ ಉತ್ತರ ಕೊಡುತ್ತದೆ. ಅದೃಷ್ಟವಿದ್ದರೆ ಇಡೀ ಮರವೇ ಒಮ್ಮೆಲೇ ಹೊತ್ತಿ ಒಮ್ಮೆಲೇ ಆರುವುದನ್ನು ನೋಡುತ್ತೀರಿ. ಮರಿಹುಳುಗಳು ತೇವದ ನೆಲದಲ್ಲಿ ಬಸವನಹುಳು ತಿಂದು ತಿಂಗಳುಗಟ್ಟಲೆ ಬೆಳೆಯುತ್ತವೆ. ರೆಕ್ಕೆ ಬಂದ ಮೇಲೆ ಉಳಿಯುವುದು ಕೆಲವೇ ವಾರ, ಅಷ್ಟರೊಳಗೆ ಜೊತೆ ಹುಡುಕಿಕೊಳ್ಳಬೇಕು. ನಮ್ಮ ದೀಪ ಉರಿಯುತ್ತಿದ್ದರೆ ಒಂದರ ಕರೆ ಇನ್ನೊಂದಕ್ಕೆ ಕಾಣುವುದೇ ಇಲ್ಲ. ಪ್ರವಾಸಿಗರಿಗೆಂದು ಮರಗಳಿಗೆ ಬಣ್ಣದ ದೀಪ ಸುತ್ತುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮಕ್ಕಳು ಹುಳುಗಳನ್ನು ಬಾಟಲಿಯಲ್ಲಿ ತುಂಬಿಡುವುದೂ ಬೇಡ. ಅಂಗಳ ದಾಟಿ ನಡೆಯುವಾಗ ಮಾತ್ರ ಟಾರ್ಚು ಬೇಕೇ ಬೇಕು, ಹಾವು ಇರುತ್ತವೆ.

ಬೆಳಿಗ್ಗೆ ಹೆಚ್ಚು ದೂರ ಹೋಗಬೇಕಾಗಿಲ್ಲ. ಮಡಿವಾಳ ಹಕ್ಕಿ ಮನೆಯ ಹತ್ತಿರವೇ ಎತ್ತರದ ಕೊಂಬೆಯಲ್ಲಿ ಹಾಡುತ್ತಿರುತ್ತದೆ. ಮರದ ಬೊಡ್ಡೆಗಳಲ್ಲಿ ಜೀರುಂಡೆ ಕಳಚಿಟ್ಟ ಪೊರೆ ಹುಡುಕಲು ಮಕ್ಕಳಿಗೆ ಹೇಳಿ. ಹೊಳೆಯಂಚಿನಲ್ಲಿ ಹೊಳೆದಾಸವಾಳ ಅರಳಿರುತ್ತದೆ.

ಕಾಡಿನೊಳಗೆ ಹೋಗುವ ಮುನ್ನ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆಯಲ್ಲಿ ಈಗಲೂ ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಉಣ್ಣೆ. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಸುಳಿಯಲೇಬೇಡಿ. ಇಲ್ಲದಿದ್ದರೂ ಮೈತುಂಬ ಬಟ್ಟೆ ಹಾಕಿ, ಮನೆಗೆ ಬಂದ ಕೂಡಲೇ ಬಟ್ಟೆ ಒಗೆಯಲು ಹಾಕಿ ಬಿಸಿನೀರಿನ ಸ್ನಾನ ಮಾಡಿಸಿ. ಊರಿನಿಂದ ಬಂದ ಮೇಲೆ ಜ್ವರ ಕಾಣಿಸಿದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ದಾವಣಗೆರೆಗೆ ಏನಾದರೂ ತರಲೇಬೇಕೆಂದಿದ್ದರೆ ಅಮ್ಮನ ಮನೆಯ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆ ಒಣಗಿಸಿ ತನ್ನಿ. ಕವಳಿ ಹಣ್ಣನ್ನು ಮಕ್ಕಳು ಬೇಲಿಯ ಬದಿಯಲ್ಲೇ ನಿಂತು ತಿನ್ನಲಿ. ಮುಳ್ಳಿದೆ, ತುಟಿಗೆ ಅಂಟುವ ಸೊನೆಯೂ ಇದೆ, ಆದರೂ ತಿನ್ನಲಿ.