ಜ್ವರ ಬಂದರೆ ಖುಷಿ ಎಂದ ಹುಡುಗಿ

ಅತಿಯಾದ ತರಬೇತಿಯಿಂದ ದಣಿದುಹೋದ ಮಕ್ಕಳು ಈಗೀಗ ನನ್ನ ಬಳಿ ಸಲಹೆಗೆ ಜಾಸ್ತಿ ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿಗೆ 14 ವರ್ಷ, 800 ಮೀಟರ್ ಓಟಗಾರ್ತಿ. ಬೆಳಿಗ್ಗೆ ಐದಕ್ಕೆ ಗ್ರೌಂಡ್, ಆಮೇಲೆ ಶಾಲೆ, ಸಂಜೆ ಮತ್ತೆ ಗ್ರೌಂಡ್. ಭಾನುವಾರವೂ ಬಿಡುವಿಲ್ಲ. ಟೈಮಿಂಗ್ ಹಾಳಾದಷ್ಟೂ ಪ್ರ್ಯಾಕ್ಟೀಸ್ ಹೆಚ್ಚಿಸಿದ್ದರು. "ಸೋಮಾರಿ ಆಗಿದ್ದಾಳೆ, ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂದು ಅಪ್ಪ ಕರೆತಂದಿದ್ದರು.

ಅವರನ್ನು ಹೊರಗೆ ಕೂರಿಸಿ ಮಾತಿಗಿಳಿದೆ. ಹುಡುಗಿ ಶೂ ಲೇಸ್ ಬಿಚ್ಚುತ್ತಾ ಕಟ್ಟುತ್ತಾ ಕೂತಿದ್ದಳು. ನಿದ್ದೆ ಬರುತ್ತಾ?

"ಸುಸ್ತಾಗಿರುತ್ತೆ ಮೇಡಂ, ಆದ್ರೂ ಬರಲ್ಲ."

ಮೊಣಕಾಲಿನ ಕೆಳಗೆ, ಮೂಳೆಯ ಒಂದೇ ಜಾಗದಲ್ಲಿ ನೋವು. ಮುಟ್ಟು ನಿಂತು ನಾಲ್ಕು ತಿಂಗಳು. ಓಡೋರಿಗೆ ಹಾಗೇ ಆಗುತ್ತೆ ಅಂತ ಅಮ್ಮ ಸುಮ್ಮನಿದ್ದರಂತೆ.

"ಯಾವಾಗ ಖುಷಿಯಾಗಿರ್ತೀಯ ಪುಟ್ಟಿ?"

ತಲೆ ಎತ್ತದೇ ಹೇಳಿದಳು: "ಜ್ವರ ಬಂದಾಗ. ಆವತ್ತು ಯಾರೂ ಎಬ್ಬಿಸಲ್ಲ."

ಇದನ್ನು ಅಪ್ಪನಿಗೆ ಹೇಳಲಾ ಎಂದು ಕೇಳಿದೆ. ಹೂಂ ಅಂದಳು. ಕೇಳಿದ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸೆಲೆಕ್ಷನ್ ಹೋಗುತ್ತಲ್ವಾ?" ಎಂದರು. ಹೋಗಬಹುದು ಸರ್, ಎಂದೆ. ಸುಳ್ಳು ಭರವಸೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ಓಟ ಪೂರ್ತಿ ನಿಲ್ಲಿಸಿ, ಮೊದಲು ಡಾಕ್ಟರಿಗೆ ತೋರಿಸಿ ಎಂದೆ. ಕಾಲು, ಮುಟ್ಟು, ರಕ್ತದಲ್ಲಿ ಕಬ್ಬಿಣದಂಶ ಮೂರೂ ನೋಡಬೇಕಿತ್ತು. ಓಟಗಾರ್ತಿಗೆ ಮುಟ್ಟು ನಿಲ್ಲೋದು ಸಹಜ ಅಲ್ಲ. ಹೆಚ್ಚಾಗಿ ಪಡುವ ಶ್ರಮಕ್ಕೆ ತಕ್ಕಷ್ಟು ಊಟ ಸಾಲದಿದ್ದಾಗ ಹಾಗಾಗುತ್ತದೆ, ಮೂಳೆಯೂ ಸವೆಯುತ್ತದೆ. ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಇದ್ದದ್ದು ಆಮೇಲೆ ಗೊತ್ತಾಯಿತು.

"ಮಗುವಿನ ತಲೆ ಕೆಡಿಸಿದ್ರಿ" ಎಂದು ಕೋಚ್ ಫೋನಿನಲ್ಲಿ ರೇಗಿದರು. ನನ್ನ ನಿಲುವು ಬದಲಾಗಿಲ್ಲ. ಓಡುವಾಗ ದೇಹ ದಣಿಯುತ್ತದೆ, ಗಟ್ಟಿಯಾಗುವುದು ಉಂಡು ಮಲಗಿದಾಗ. ಆ ಹೊತ್ತನ್ನೇ ಕಿತ್ತುಕೊಂಡರೆ ಯಾವ ಕೋಚಿಂಗೂ ಕೆಲಸ ಮಾಡಲ್ಲ. ಸೋಮಾರಿ ಅನ್ನುವ ಮಾತಂತೂ ಬೇಡವೇ ಬೇಡ. ಕಾಲು ನೋವಿದ್ದೂ ದಿನಾ ಐದಕ್ಕೆ ಏಳುತ್ತಿದ್ದ ಮಗು ಅದು.

ಆ ವರ್ಷದ ಸೆಲೆಕ್ಷನ್ ತಪ್ಪಿತು. ಡಾಕ್ಟರ್ ಒಪ್ಪಿದ ಮೇಲೆ ನಿಧಾನವಾಗಿ ಓಟ ಶುರು ಮಾಡಿದ್ದಾಳೆ. ಈಗ ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ. ವಾರದ ಒಟ್ಟು ತರಬೇತಿ ಗಂಟೆ ಅವಳ ವಯಸ್ಸಿನ ಸಂಖ್ಯೆ ದಾಟಬಾರದು ಅಂತಲೂ ಹೇಳಿದ್ದೇನೆ, ಮಕ್ಕಳ ತಜ್ಞರು ಕೊಡುವ ಅಳತೆ ಅದು. ನಿದ್ದೆ ಎಂಟು ಗಂಟೆಗೆ ಕಮ್ಮಿ ಇರಬಾರದು. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ ಬರೆದಿಡುತ್ತಾಳೆ. ಕೆಲವು ದಿನ ಸತತವಾಗಿ ಎಂದಿಗಿಂತ ಜಾಸ್ತಿ ಬಂದರೆ ದೇಹ ಇನ್ನೂ ಸುಧಾರಿಸಿಕೊಂಡಿಲ್ಲದಿರಬಹುದು. ಆಗ ಅಪ್ಪನೇ ಕೋಚಿಗೆ ಫೋನ್ ಮಾಡಿ ರಜೆ ಹೇಳುತ್ತಾರೆ.