200ರ ಟೈರ್ ದಿನದ ಓಡಾಟಕ್ಕೆ ಬೇಕಾ?

ದಿನಾ ಓಡಿಸುವ ಸ್ಪೋರ್ಟ್ಸ್ ಕಾರಿಗೆ ಟ್ರೆಡ್‌ವೇರ್ 200ರ ಟೈರ್ ಹಾಕಿಸಲಾ ಅಂತ ಕೇಳಿದ್ದೀರಿ. ಟ್ರೆಡ್‌ವೇರ್ ಅಂದರೆ ಟೈರ್ ಎಷ್ಟು ಬಾಳಿಕೆ ಬರುತ್ತದೆ ಅಂತ ತೋರಿಸುವ ಅಂಕಿ; ಕಡಿಮೆ ಇದ್ದಷ್ಟೂ ಬೇಗ ಸವೆತ. ಟ್ರ್ಯಾಕಿಗೆ ಹೋಗುವುದು ಅಪರೂಪ ಅಂದಿದ್ದೀರಲ್ವಾ, ಹಾಗಾದರೆ ಬೇಡ. ಅಂಥ ರಬ್ಬರ್ ಬೇಗ ಸವೆಯುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಗ್ರೂವ್ (ನೀರು ಹೊರಹಾಕುವ ಗೀರು) ಕಡಿಮೆ, ನೀರು ನಿಂತ ರಸ್ತೆಯಲ್ಲಿ ಕಾರು ತೇಲಿಬಿಡುತ್ತದೆ. ಬಿಸಿಯಾಗುವ ತನಕ ಹಿಡಿತವೂ ಅಷ್ಟಕ್ಕಷ್ಟೇ. ಟ್ರೆಡ್‌ವೇರ್ 300ರ ಆಸುಪಾಸಿನ ಸಮ್ಮರ್ ಟೈರ್ (ಬೆಚ್ಚಗಿನ ಹವೆಗೆ ಮಾಡಿದ್ದು), ಮಿಶಲಿನ್ ಪೈಲಟ್ ಸ್ಪೋರ್ಟ್ 4ಎಸ್ ಥರದ್ದು, ನಿಮಗೆ ಧಾರಾಳ ಸಾಕು. ಆದರೆ ಚಳಿ 7 ಡಿಗ್ರಿಗಿಂತ ಕೆಳಗಿಳಿದರೆ ಸಮ್ಮರ್ ರಬ್ಬರ್ ಗಟ್ಟಿಯಾಗುತ್ತದೆ. ಆಗ ಬೇರೆ ಸೆಟ್ ಬೇಕೇ ಬೇಕು. ಅಂದಹಾಗೆ, ಟ್ರೆಡ್‌ವೇರ್ ಅಂಕಿ ಕೊಡುವುದು ಟೈರ್ ಕಂಪನಿಗಳೇ. ಎರಡು ಬ್ರ್ಯಾಂಡ್ ಹೋಲಿಸಲು ಅದನ್ನು ಜಾಸ್ತಿ ನಂಬಬೇಡಿ. ಕೊಳ್ಳುವಾಗ ಟೈರ್ ಪಕ್ಕದ ನಾಲ್ಕಂಕಿ ನೋಡಿ: 2324 ಅಂದರೆ 2024ರ 23ನೇ ವಾರ ತಯಾರಾದದ್ದು.